ಮೇಡನ್ ಮೇಳದ ತಿರುಗಾಟ

2023ರ ಮೇ 28ರಂದು ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾದಲ್ಲಿ ಐರನ್ ಮೇಡನ್ ಬ್ಯಾಂಡ್ ‘ಅಲೆಕ್ಸಾಂಡರ್ ದಿ ಗ್ರೇಟ್’ ಹಾಡನ್ನು ಮೊದಲ ಬಾರಿಗೆ ಜನರೆದುರು ನುಡಿಸಿತು. ಹಾಡು ಹೊಸದೇನೂ ಆಗಿರಲಿಲ್ಲ. 1986ರಲ್ಲಿ ಬಂದ ‘ಸಮ್‌ವೇರ್ ಇನ್ ಟೈಮ್’ ಆಲ್ಬಮ್‌ನ ಕೊನೆಯ ಹಾಡು ಅದು. ಎಂಟೂವರೆ ನಿಮಿಷದ ಉದ್ದ, ನಡುವೆ ನಡೆ ಬದಲಿಸುತ್ತ ಸಾಗುವ ದೊಡ್ಡದೊಂದು ವಾದ್ಯಭಾಗ. ಅದನ್ನು ವೇದಿಕೆಯಲ್ಲಿ ನುಡಿಸಿ ಎಂದು ಅಭಿಮಾನಿಗಳು 37 ವರ್ಷ ಕೇಳಿ ಕೇಳಿ ಸೋತಿದ್ದರು. ಪ್ರತಿ ಪ್ರವಾಸದ ಹಾಡುಗಳ ಪಟ್ಟಿ ಹೊರಬಿದ್ದಾಗಲೂ ಹಳಬರು ಮೊದಲು ಹುಡುಕುತ್ತಿದ್ದದ್ದು ಈ ಹೆಸರನ್ನೇ. ಆ ಸಂಜೆ ಅದು ಸಿಕ್ಕಿತು.

ಅಲ್ಲಿ ಕುಣಿದವರಿಗೆ ಒಂದು ವಿಷಯ ಗೊತ್ತಿರಲಿಲ್ಲ. ಡ್ರಮ್ಸ್ ಹಿಂದೆ ಕೂತಿದ್ದ ನಿಕೊ ಮೆಕ್‌ಬ್ರೇನ್ ಅವರಿಗೆ ಆ ವರ್ಷದ ಜನವರಿಯಲ್ಲಿ ಪಾರ್ಶ್ವವಾಯು ಬಡಿದಿತ್ತು. ಬಲ ಭುಜದಿಂದ ಬೆರಳ ತುದಿಯವರೆಗೆ ಕೈ ಸ್ವಾಧೀನ ತಪ್ಪಿತ್ತು. ವಾರಗಟ್ಟಲೆ ಚಿಕಿತ್ಸೆ, ವ್ಯಾಯಾಮ, ಮತ್ತೆ ಕೋಲು ಹಿಡಿಯುವ ಅಭ್ಯಾಸ. ಆಗ ಅವರಿಗೆ 70 ವರ್ಷ. ಇನ್ನೊಂದು ವಾರ ಕಳೆದರೆ 71. ಮುಂದೆ ಆಗಸ್ಟ್‌ನಲ್ಲಿ ಅವರೇ ಇದನ್ನು ಬಹಿರಂಗವಾಗಿ ಹೇಳಿದರು. ಆ ಸಂಜೆಯ ತುಣುಕುಗಳನ್ನು ಈಗ ನೋಡಿದರೆ ಬಲಗೈ ಎಲ್ಲೆಲ್ಲಿ ಕೆಲಸ ಕಡಿಮೆ ಮಾಡಿಕೊಂಡಿದೆ, ಯಾವ ಕಡೆ ಮೊದಲಿನ ಫಿಲ್ (ನಡುವೆ ತುಂಬುವ ಬಡಿತ) ಬಿಟ್ಟು ಸರಳವಾದದ್ದನ್ನು ಹಾಕಿದ್ದಾರೆ ಎಂದು ಹುಡುಕಬಹುದು. ಆದರೆ ಹಾಡು ಎಲ್ಲೂ ಕುಸಿಯುವುದಿಲ್ಲ. ನಲವತ್ತು ವರ್ಷ ಒಟ್ಟಿಗೆ ನುಡಿಸಿದವರು ಸುತ್ತ ನಿಂತಿದ್ದರು ಎಂಬುದೇ ಅದಕ್ಕೆ ಕಾರಣ ಎಂದು ನನಗನ್ನಿಸುತ್ತದೆ.

ಹಳೆಯ ಹೆವಿ ಮೆಟಲ್ ಬ್ಯಾಂಡಿನ ಅಭಿಮಾನಿಗಳು ಎಲ್ಲಿ ಕೂಡಿದರೂ ಮಾತು ಎರಡು ದಾರಿ ಹಿಡಿಯುತ್ತದೆ. ಮೂವರು ಗಿಟಾರಿಸ್ಟರಲ್ಲಿ ಯಾರ ಕೈ ಮೇಲು, ಬಾಸ್ ಯಾಕೆ ಅಷ್ಟು ಎದ್ದು ಕೇಳಿಸುತ್ತದೆ, ಈಗಿನ ಡ್ರಮ್ಮರ್ ಹೇಗೆ ಎನ್ನುವುದು ಒಂದು. ಯಾವ ವರ್ಷ ಯಾವ ಊರಿನಲ್ಲಿ ಏನು ನುಡಿಸಿದರು, ಹೇಗೆ ಬಂದರು, ಹೇಗೆ ಹೋದರು ಎನ್ನುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಹರಟೆಯಾಗಿ ಇಟ್ಟುಕೊಂಡರೆ ಐರನ್ ಮೇಡನ್ ಅರ್ಧ ಮಾತ್ರ ದಕ್ಕುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ಆರು ತಿಂಗಳು ಊರೂರು ತಿರುಗುತ್ತ, ಒಂದೊಂದು ರಾತ್ರಿಯೂ ಪ್ರಸಂಗವನ್ನು ಹದ ಮಾಡಿಕೊಳ್ಳುತ್ತವಲ್ಲ, ಈ ಬ್ಯಾಂಡ್ ಬೆಳೆದದ್ದು ಹಾಗೆ. ಅವರ ವಾದನವನ್ನು ತಿದ್ದಿದ್ದು ತಿರುಗಾಟ. ಅಷ್ಟು ವರ್ಷ ತಿರುಗಲು ಸಾಧ್ಯವಾದದ್ದು ವಾದನದ ಗಟ್ಟಿತನದಿಂದ.

ಹುಟ್ಟಿನ ಕತೆ ಚಿಕ್ಕದು. 1975ರ ಕ್ರಿಸ್‌ಮಸ್ ದಿನ ಪೂರ್ವ ಲಂಡನ್ನಿನ ಲೇಟನ್‌ನಲ್ಲಿ ಸ್ಟೀವ್ ಹ್ಯಾರಿಸ್ ಎಂಬ ಹತ್ತೊಂಬತ್ತರ ಹುಡುಗ ಬ್ಯಾಂಡ್ ಕಟ್ಟಿದ. ವೆಸ್ಟ್ ಹ್ಯಾಮ್ ಫುಟ್‌ಬಾಲ್ ತಂಡದ ಕಟ್ಟಾ ಅಭಿಮಾನಿ, ಕೈಯಲ್ಲಿ ಬಾಸ್ ಗಿಟಾರ್. ಐದು ವರ್ಷ ಪಬ್‌ಗಳಲ್ಲಿ ನುಡಿಸಿದ ಮೇಲೆ 1980ರಲ್ಲಿ ಮೊದಲ ಆಲ್ಬಮ್ ಬಂತು. ಆಗ ಹಾಡುತ್ತಿದ್ದವರು ಪಾಲ್ ಡಿಯಾನೊ. 1981ರಲ್ಲಿ ಬ್ರೂಸ್ ಡಿಕಿನ್ಸನ್ ಬಂದರು. ಮರುವರ್ಷದ ‘ದಿ ನಂಬರ್ ಆಫ್ ದಿ ಬೀಸ್ಟ್’ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. 1982ರ ಕೊನೆಗೆ ಮೆಕ್‌ಬ್ರೇನ್ ಸೇರಿಕೊಂಡರು. ಅಲ್ಲಿಂದ ಮುಂದಿನದು ಎಲ್ಲರಿಗೂ ತಿಳಿದ ಚರಿತ್ರೆ.

ಹ್ಯಾರಿಸ್ ಅವರ ಬಾಸ್ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ರಾಕ್ ಬ್ಯಾಂಡ್‌ಗಳಲ್ಲಿ ಸಾಮಾನ್ಯವಾಗಿ ಬಾಸ್ ಹಿಂದೆ ನಿಂತು ನೆಲ ಗಟ್ಟಿ ಮಾಡುವ ವಾದ್ಯ. ಇಲ್ಲಿ ಅದು ಮುಂದೆ ಬಂದು ಓಡುತ್ತದೆ. ಹ್ಯಾರಿಸ್ ಪಿಕ್ ಬಳಸುವುದಿಲ್ಲ. ತೋರುಬೆರಳು, ನಡುಬೆರಳು ಅಷ್ಟೇ. ಚಪ್ಪಟೆ ಸುತ್ತಿನ ಉಕ್ಕಿನ ತಂತಿಯನ್ನು ಎಷ್ಟು ಬಿರುಸಾಗಿ ಮೀಟುತ್ತಾರೆಂದರೆ ತಂತಿ ಫ್ರೆಟ್‌ಗೆ ಬಡಿದು ಟಕ್ಕೆಂದು ಸದ್ದಾಗುತ್ತದೆ. ಬಾಸ್‌ನ ಸ್ವರದ ಮೇಲೆ ಆ ಟಕಟಕ ಕೂತಿರುವುದರಿಂದಲೇ ಮೂರು ಗಿಟಾರ್‌ಗಳ ನಡುವೆಯೂ ಅದು ಮುಳುಗುವುದಿಲ್ಲ.

ಇನ್ನು ಅವರ ಗುರುತಾಗಿ ಹೋಗಿರುವ ಗ್ಯಾಲಪ್. ಕುದುರೆ ನಾಗಾಲೋಟದ ಲಯ ಎಂದು ಎಲ್ಲರೂ ಹೇಳುತ್ತಾರೆ. ಬಾಯಲ್ಲಿ ಹೇಳಿ ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ: ‘ತಾಂ-ತಕ, ತಾಂ-ತಕ’. ಒಂದು ಬಡಿತವನ್ನು ನಾಲ್ಕು ಪಾಲು ಮಾಡಿ, ಮೊದಲೆರಡು ಪಾಲಿಗೆ ಒಂದು ಉದ್ದ ಸ್ವರ, ಉಳಿದೆರಡಕ್ಕೆ ಎರಡು ಗಿಡ್ಡ ಸ್ವರ. ‘ದಿ ಟ್ರೂಪರ್’ ಹಾಡು ನಿಮಿಷಕ್ಕೆ ಸುಮಾರು 160 ಬಡಿತದಲ್ಲಿ ಓಡುತ್ತದೆ. ಬಡಿತಕ್ಕೆ ಮೂರು ಸ್ವರದಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಎಂಟು ಸಲ ಎರಡೇ ಬೆರಳು ತಂತಿ ಮೀಟಬೇಕು. ಮೂರು ಸ್ವರಕ್ಕೆ ಎರಡು ಬೆರಳಾದ್ದರಿಂದ ಒಂದು ಸಲ ತೋರುಬೆರಳು ಮೊದಲು ಬಿದ್ದರೆ ಮುಂದಿನ ಸಲ ನಡುಬೆರಳು ಮೊದಲು ಬೀಳುತ್ತದೆ. ಆದರೂ ಕೇಳುವ ಕಿವಿಗೆ ಒತ್ತು ಒಂದೇ ಜಾಗದಲ್ಲಿ ಇರಬೇಕು. ಇದನ್ನು ಮನೆಯಲ್ಲಿ ಕೂತು ಒಂದು ನಿಮಿಷ ಮಾಡುವುದೇ ಕಷ್ಟ. ಎರಡು ಗಂಟೆಯ ಕಾರ್ಯಕ್ರಮದ ಕೊನೆಗೆ, ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತ, ಸ್ಪೀಕರಿನ ಮೇಲೆ ಕಾಲಿಟ್ಟು ಬಾಸ್‌ನ ಕತ್ತನ್ನು ಬಂದೂಕಿನ ಹಾಗೆ ಜನರತ್ತ ಚಾಚಿ, ಪ್ರತಿ ಹಾಡಿನ ಪ್ರತಿ ಪದಕ್ಕೂ ತುಟಿ ಆಡಿಸುತ್ತ ಮಾಡುವುದನ್ನು ಹ್ಯಾರಿಸ್ ಅರ್ಧ ಶತಮಾನದಿಂದ ನಡೆಸಿಕೊಂಡು ಬಂದಿದ್ದಾರೆ.

ಇದಕ್ಕೆ ಮೆಕ್‌ಬ್ರೇನ್ ಅವರ ಬಲಗಾಲು ಜೊತೆ. ಮೆಟಲ್ ಡ್ರಮ್ಮರ್‌ಗಳು ವೇಗ ಬೇಕಾದಾಗ ಬಾಸ್ ಡ್ರಮ್ಮಿಗೆ ಎರಡು ಪೆಡಲ್ ಹಾಕಿಕೊಳ್ಳುವುದು ಈಗ ಮಾಮೂಲು. ಇವರದು ಒಂದೇ ಪೆಡಲ್, ಒಂದೇ ಕಾಲು. 1983ರ ‘ಪೀಸ್ ಆಫ್ ಮೈಂಡ್’ ಆಲ್ಬಮ್‌ನ ಮೊದಲ ಹಾಡು ‘ವೇರ್ ಈಗಲ್ಸ್ ಡೇರ್’ನಲ್ಲಿ ಅವರು ಬ್ಯಾಂಡಿಗೆ ಬಂದ ಸುದ್ದಿಯನ್ನು ಆ ಕಾಲೇ ಸಾರಿತು. ಎರಡು ಕಾಲಿನವರೂ ತಡವರಿಸುವ ನಡೆಯನ್ನು ಒಂದು ಕಾಲು ಸಲೀಸಾಗಿ ನಿಭಾಯಿಸುತ್ತದೆ. 2003ರ ‘ಫೇಸ್ ಇನ್ ದಿ ಸ್ಯಾಂಡ್’ ಒಂದು ಹಾಡಿಗೆ ಮಾತ್ರ ಅವರು ಜೋಡಿ ಪೆಡಲ್ ತುಳಿದರು. ಅಭಿಮಾನಿಗಳ ನಡುವೆ ಇದು ಇಂದಿಗೂ ಚರ್ಚೆಯ ವಸ್ತು. ಒಂದು ಪೆಡಲ್ ಎಂಬ ಕಟ್ಟುಪಾಡು ಹಟದ್ದಲ್ಲ ಎಂದು ನಾನು ನಂಬುತ್ತೇನೆ. ಒಂದು ಕಾಲು ಬಿಡುವ ಸಣ್ಣ ಸಣ್ಣ ಜಾಗದಲ್ಲೇ ಹ್ಯಾರಿಸ್ ಅವರ ಬೆರಳು ಓಡಾಡುತ್ತದೆ. ಎರಡು ಪೆಡಲಿನ ಗದ್ದಲದಲ್ಲಿ ಆ ಟಕಟಕ ಮುಚ್ಚಿಹೋಗುತ್ತಿತ್ತು.

ಗಿಟಾರ್‌ಗಳ ವಿಷಯದಲ್ಲಿ ಜಗಳ ಜಾಸ್ತಿ. ಡೇವ್ ಮರ್ರೆ ಹ್ಯಾರಿಸ್ ಜೊತೆ ಎಲ್ಲ ಆಲ್ಬಮ್‌ಗಳಲ್ಲೂ ಇರುವ ಇನ್ನೊಬ್ಬರು. ಅವರ ಕೈಯಲ್ಲಿ ಸ್ವರಗಳು ಮೀಟಿದಂತೆ ಕೇಳುವುದಿಲ್ಲ, ಜಾರಿದಂತೆ ಕೇಳುತ್ತವೆ. ಎಡಗೈ ಬೆರಳುಗಳನ್ನು ತಂತಿಯ ಮೇಲೆ ಬಡಿದು, ಎಳೆದು ಬಿಟ್ಟು ಒಂದರಿಂದ ಒಂದಕ್ಕೆ ಹರಿಸುತ್ತಾರೆ. ಏಡ್ರಿಯನ್ ಸ್ಮಿತ್ ಅವರದು ಯೋಚಿಸಿ ಕಟ್ಟಿದ ಸೋಲೋ. ಅದರೊಳಗೆ ಆದಿ, ಏರು, ಮುಕ್ತಾಯ ಎಲ್ಲವೂ ಇದ್ದು, ಹಾಡಿನೊಳಗೆ ಇನ್ನೊಂದು ಚಿಕ್ಕ ಹಾಡಿನಂತೆ ನೆನಪಿನಲ್ಲಿ ಉಳಿಯುತ್ತದೆ. 1990ರಲ್ಲಿ ಸ್ಮಿತ್ ಬಿಟ್ಟುಹೋದಾಗ ಬಂದ ಜಾನಿಕ್ ಗರ್ಸ್ ಇದಕ್ಕೆ ಪೂರ್ತಿ ವಿರುದ್ಧ. ನಿನ್ನೆ ನುಡಿಸಿದ್ದನ್ನು ಇಂದು ನುಡಿಸುವುದಿಲ್ಲ, ಗಿಟಾರನ್ನು ಗಾಳಿಗೆ ಎಸೆದು ಹಿಡಿಯುತ್ತಾರೆ, ಕಾಲನ್ನು ವೇದಿಕೆಯ ಸ್ಪೀಕರಿನ ಮೇಲೆ ಚಾಚಿ ನಿಲ್ಲುತ್ತಾರೆ. ಅವರನ್ನು ಬರೀ ಕುಣಿತ ಎಂದು ತಳ್ಳಿಹಾಕುವ ಹಳಬರಿದ್ದಾರೆ. ನಾನು ಆ ಗುಂಪಿನವನಲ್ಲ. 2003ರ ‘ಡಾನ್ಸ್ ಆಫ್ ಡೆತ್’ ಆಲ್ಬಮ್‌ನ ಶೀರ್ಷಿಕೆ ಗೀತೆಯ ರಚನೆಯಲ್ಲಿ ಹ್ಯಾರಿಸ್ ಜೊತೆ ಅವರ ಹೆಸರಿದೆ. ಅದನ್ನು ಕೇಳಿದವರು ಆ ಮಾತು ಆಡಲಾರರು.

1999ರಲ್ಲಿ ಸ್ಮಿತ್ ಮರಳಿ ಬಂದಾಗ ಗರ್ಸ್ ಅವರನ್ನು ಕಳಿಸಿಬಿಡುವುದು ಸುಲಭವಿತ್ತು. ಹ್ಯಾರಿಸ್ ಮೂವರನ್ನೂ ಇಟ್ಟುಕೊಂಡರು. ಅದರ ಲಾಭ ಕಿವಿಗೆ ಸಿಗುತ್ತದೆ. ಮೊದಲು ಇಬ್ಬರಿದ್ದಾಗ ಒಬ್ಬರು ಷಡ್ಜ ಹಿಡಿದರೆ ಇನ್ನೊಬ್ಬರು ಗಾಂಧಾರ ಹಿಡಿದು, ಒಂದೇ ರಾಗದೆಳೆಯನ್ನು ಮೂರು ಸ್ವರದ ಅಂತರದಲ್ಲಿ ಜೋಡಿಯಾಗಿ ನುಡಿಸುತ್ತಿದ್ದರು. ವಿಷ್‌ಬೋನ್ ಆಶ್, ಥಿನ್ ಲಿಜ್ಜಿ ಬ್ಯಾಂಡ್‌ಗಳಿಂದ ಕಲಿತ ಕ್ರಮ ಅದು. ಆದರೆ ವೇದಿಕೆಯಲ್ಲಿ ಇಬ್ಬರೂ ಮೇಲೆ ಹೋದಾಗ ಕೆಳಗೆ ರಿಫ್ (ಮರುಕಳಿಸುವ ತಳದ ಎಳೆ) ಹಿಡಿಯುವವರು ಇರುತ್ತಿರಲಿಲ್ಲ. ಬಾಸ್ ಒಂದೇ ಅಷ್ಟನ್ನೂ ಹೊರಬೇಕಿತ್ತು. ಮೂರನೆಯ ಗಿಟಾರ್ ಬಂದ ಮೇಲೆ ಜೋಡಿ ಮೇಲೆ ಹಾರಿದರೂ ತಳ ಬಿಡುವುದಿಲ್ಲ. ‘ಬ್ರೇವ್ ನ್ಯೂ ವರ್ಲ್ಡ್’ ಆಲ್ಬಮ್ಮನ್ನು ನಿರ್ಮಾಪಕ ಕೆವಿನ್ ಶಿರ್ಲಿ ಅವರ ಜೊತೆ ಸ್ಟುಡಿಯೊದಲ್ಲಿ ಎಲ್ಲರೂ ಒಟ್ಟಿಗೆ ನಿಂತು ನುಡಿಸಿ ಧ್ವನಿಮುದ್ರಿಸಿದರು. ಒಬ್ಬೊಬ್ಬರು ಬಂದು ತಮ್ಮ ಪಾಲು ನುಡಿಸಿ ಹೋಗುವ ಪದ್ಧತಿ ಬಿಟ್ಟರು. ವೇದಿಕೆಯ ಅಭ್ಯಾಸ ಸ್ಟುಡಿಯೊದ ಒಳಗೆ ಬಂತು.

2001ರ ಜನವರಿ 19ರಂದು ರಿಯೊ ಡಿ ಜನೈರೊದಲ್ಲಿ ಸುಮಾರು ಎರಡೂವರೆ ಲಕ್ಷ ಜನರೆದುರು ನುಡಿಸಿದ ಕಾರ್ಯಕ್ರಮ ಮುಂದೆ ‘ರಾಕ್ ಇನ್ ರಿಯೊ’ ಎಂಬ ಆಲ್ಬಮ್ ಆಯಿತು. ಅದರಲ್ಲಿ ‘ಫಿಯರ್ ಆಫ್ ದಿ ಡಾರ್ಕ್’ ಶುರುವಾಗುವ ಜಾಗ ಕೇಳಿ. ಗಿಟಾರ್ ಮೊದಲ ಎಳೆ ಎತ್ತುತ್ತಿದ್ದಂತೆ ಜನ ಅದನ್ನು ಹಾಡುತ್ತಾರೆ. ಸಾಹಿತ್ಯವನ್ನಲ್ಲ, ಗಿಟಾರಿನ ಸ್ವರಗಳನ್ನೇ. ಇಂಗ್ಲಿಷ್ ಬಾರದವನಿಗೂ ಅದು ಬರುತ್ತದೆ. ಈ ಬ್ಯಾಂಡಿನ ಹಾಡುಗಳು ದಕ್ಷಿಣ ಅಮೆರಿಕದಿಂದ ಜಪಾನಿನವರೆಗೆ ನೆಲೆ ಕಂಡದ್ದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ವಾದ್ಯದ ಎಳೆಯೇ ಹಾಡುವಂತಿದ್ದರೆ ಭಾಷೆ ಅಡ್ಡ ಬರುವುದಿಲ್ಲ.

ತಿರುಗಾಟಕ್ಕೆ ಬೆಲೆಯೂ ಇತ್ತು. ‘ಪವರ್‌ಸ್ಲೇವ್’ ಆಲ್ಬಮ್ ಹಿಡಿದು ಹೊರಟ ‘ವರ್ಲ್ಡ್ ಸ್ಲೇವರಿ ಟೂರ್’ 1984ರ ಆಗಸ್ಟ್‌ನಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಆರಂಭವಾಗಿ 1985ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮುಗಿಯಿತು. ಹನ್ನೊಂದು ತಿಂಗಳಲ್ಲಿ 180ಕ್ಕೂ ಹೆಚ್ಚು ಕಾರ್ಯಕ್ರಮ. ಈಜಿಪ್ಟಿನ ಗೋರಿಯಂತೆ ಕಟ್ಟಿದ ಭಾರಿ ರಂಗಸಜ್ಜಿಕೆಯನ್ನು ಲಾರಿಗಳಲ್ಲಿ ಹೇರಿಕೊಂಡು, ಆಗ ಪಶ್ಚಿಮದ ಬ್ಯಾಂಡ್‌ಗಳು ಪೂರ್ತಿ ಸಜ್ಜಿಕೆಯೊಂದಿಗೆ ಕಾಲಿಡದಿದ್ದ ಕಮ್ಯುನಿಸ್ಟ್ ಪೂರ್ವ ಯುರೋಪಿಗೆ ಹೋದರು. ಪೋಲೆಂಡಿನಲ್ಲಿ ಯಾರದೋ ಮದುವೆಗೆ ಹೋಗಿ ಅಲ್ಲಿಯ ವಾದ್ಯಗಳನ್ನೇ ಹಿಡಿದು ನುಡಿಸಿದ್ದು ಆ ಕಾಲದ ಸಾಕ್ಷ್ಯಚಿತ್ರದಲ್ಲಿದೆ. ‘ಲೈವ್ ಆಫ್ಟರ್ ಡೆತ್’ ಆಲ್ಬಮ್ ಈ ಪ್ರವಾಸದ ಫಲ. ಮೆಟಲ್ ಕಾರ್ಯಕ್ರಮಗಳ ಧ್ವನಿಮುದ್ರಣದಲ್ಲಿ ಇದಕ್ಕೆ ಸಮನಾದದ್ದು ನನಗೆ ಕಂಡಿಲ್ಲ.

ಆದರೆ ಪ್ರವಾಸ ಮುಗಿದಾಗ ಹಾಡುಗಾರ ಬರಿದಾಗಿದ್ದರು. ವಾರಕ್ಕೆ ನಾಲ್ಕೈದು ರಾತ್ರಿ ಅಷ್ಟು ಎತ್ತರದ ದನಿಯಲ್ಲಿ ಹಾಡಿದ ಡಿಕಿನ್ಸನ್, ಬ್ಯಾಂಡ್ ಬಿಟ್ಟುಬಿಡುವ ಯೋಚನೆ ಮಾಡಿದ್ದಾಗಿ ಆಮೇಲೆ ಹೇಳಿಕೊಂಡಿದ್ದಾರೆ. ಮುಂದಿನ ಆಲ್ಬಮ್‌ಗೆ ಅವರು ತಂದ ಮೆಲುದನಿಯ ಹಾಡುಗಳನ್ನು ಉಳಿದವರು ಒಪ್ಪಲಿಲ್ಲ. ‘ಸಮ್‌ವೇರ್ ಇನ್ ಟೈಮ್’ನ ರಚನಕಾರರ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಅದೇ ದಣಿವು ಸ್ಮಿತ್ ಅವರೊಳಗೆ ಬೇರೆ ದಾರಿ ಹಿಡಿಯಿತು. ಊರು ಬಿಟ್ಟು ವರ್ಷಗಟ್ಟಲೆ ಅಲೆದವನ ಹಂಬಲವನ್ನು ಅವರು ‘ವೇಸ್ಟೆಡ್ ಇಯರ್ಸ್’ ಎಂಬ ಹಾಡು ಮಾಡಿದರು. ಯುದ್ಧ, ಪುರಾಣ, ಚರಿತ್ರೆ ಎಂದು ಹಾಡುವ ಈ ಬ್ಯಾಂಡ್ ತನ್ನ ಸ್ವಂತ ಬದುಕಿನ ಬಗ್ಗೆ ಇಷ್ಟು ನೇರವಾಗಿ ಹಾಡಿದ್ದು ಅಪರೂಪ. ಒಂದೇ ಪ್ರವಾಸ ಒಬ್ಬರ ಲೇಖನಿಯನ್ನು ಒಣಗಿಸಿತು, ಇನ್ನೊಬ್ಬರಿಂದ ಅವರ ಅತ್ಯುತ್ತಮ ಹಾಡನ್ನು ಬರೆಸಿತು.

1993ರಲ್ಲಿ ಡಿಕಿನ್ಸನ್ ಹೊರಟೇಹೋದರು. ಬ್ಲೇಜ್ ಬೇಲಿ ಬಂದರು, ಎರಡು ಆಲ್ಬಮ್ ಹಾಡಿದರು. ಅಭಿಮಾನಿಗಳು ಆ ಕಾಲವನ್ನು ಬಹುದಿನ ಕಡೆಗಣಿಸಿದರು. ಅನ್ಯಾಯ ಅದು. ಬೇಲಿ ಅವರ ಕಂಠ ಮಂದ್ರಕ್ಕೆ ಒಗ್ಗಿದ್ದು. ತಮಗಾಗಿ ಬರೆದ ‘ಸೈನ್ ಆಫ್ ದಿ ಕ್ರಾಸ್’, ‘ದಿ ಕ್ಲಾನ್ಸ್‌ಮನ್’ ಹಾಡುಗಳಲ್ಲಿ ಅದು ಚೆನ್ನಾಗಿ ಕೂತಿದೆ. ಆದರೆ ವೇದಿಕೆ ಹತ್ತಿದರೆ ಕಾರ್ಯಕ್ರಮದ ದೊಡ್ಡ ಪಾಲು ಡಿಕಿನ್ಸನ್ ಅವರ ತಾರಸ್ಥಾಯಿಗೆ ಕಟ್ಟಿದ ಹಳೆಯ ಹಾಡುಗಳದ್ದು. ಶ್ರುತಿ ಇಳಿಸಿಕೊಡಲಿಲ್ಲ. ಸ್ಟುಡಿಯೊದಲ್ಲಿ ಗೆದ್ದ ಕಂಠ ರಸ್ತೆಯಲ್ಲಿ ಸೋತಿತು. ಗಂಟಲಿನ ತೊಂದರೆಯಿಂದ ಕಾರ್ಯಕ್ರಮಗಳು ರದ್ದಾದವು. ಅವರು ಕೆಟ್ಟ ಹಾಡುಗಾರ ಎಂದು ತೀರ್ಪು ಕೊಡುವವರು ಈ ಶ್ರುತಿಯ ಲೆಕ್ಕವನ್ನು ಒಮ್ಮೆ ನೋಡಬೇಕು.

ಈಗ ವಿಮಾನದ ಕತೆ. ದೊಡ್ಡ ಬ್ಯಾಂಡಿನ ಪ್ರವಾಸ ಎಂದರೆ ಸಾಮಾನು ಸಾಗಣೆಯ ಲೆಕ್ಕಾಚಾರ. ಯುರೋಪು, ಅಮೆರಿಕದಲ್ಲಾದರೆ ಲಾರಿ ಸಾಲು ಸಾಕು. ಭಾರತ, ಆಸ್ಟ್ರೇಲಿಯಾ, ಜಪಾನ್, ದಕ್ಷಿಣ ಅಮೆರಿಕಗಳನ್ನು ಒಂದೇ ಸುತ್ತಿನಲ್ಲಿ ಪೋಣಿಸಬೇಕೆಂದರೆ ಹಡಗಿನಲ್ಲಿ ಹೋದ ಪೆಟ್ಟಿಗೆಗಳು ವಾರಗಟ್ಟಲೆ ತಡ. ವಿಮಾನದಲ್ಲಿ ಸರಕು ಬೇರೆ, ಜನ ಬೇರೆ ಹೋದರೆ ಖರ್ಚು ಕೈ ಮೀರುತ್ತದೆ. ಅದಕ್ಕೇ ಎಷ್ಟೋ ಬ್ಯಾಂಡ್‌ಗಳು ಈ ಕಡೆ ತಲೆ ಹಾಕುತ್ತಿರಲಿಲ್ಲ. ಬ್ಯಾಂಡಿಗೆ ಮರಳಿದ್ದ ಡಿಕಿನ್ಸನ್ ಆ ಹೊತ್ತಿಗೆ ಆಸ್ಟ್ರೇಯಸ್ ಎಂಬ ಬ್ರಿಟಿಷ್ ವಿಮಾನ ಕಂಪನಿಯಲ್ಲಿ ಕ್ಯಾಪ್ಟನ್. 2008ರ ಪ್ರವಾಸಕ್ಕೆ ಆ ಕಂಪನಿಯ ಬೋಯಿಂಗ್ 757 ಒಂದನ್ನು ಬದಲಾಯಿಸಲಾಯಿತು. ಹಿಂಭಾಗದ ಸೀಟು ಕಿತ್ತು ಸರಕಿಗೆ ಜಾಗ ಮಾಡಿದರು. ಮುಂದೆ ಬ್ಯಾಂಡ್ ಮತ್ತು ಕೆಲಸದವರು, ಹಿಂದೆ ಸುಮಾರು 12 ಟನ್ ವಾದ್ಯ ಮತ್ತು ಸಲಕರಣೆ. ಬಾಲದ ಮೇಲೆ ಬ್ಯಾಂಡಿನ ಲಾಂಛನ ಎಡ್ಡಿಯ ಮುಖ. ಚುಕ್ಕಾಣಿಯಲ್ಲಿ ಹಾಡುಗಾರ. ಅದಕ್ಕೆ ‘ಎಡ್ ಫೋರ್ಸ್ ಒನ್’ ಎಂದು ಹೆಸರಾಯಿತು.

ಆ ಪ್ರವಾಸದ ಮೊದಲ ಕಾರ್ಯಕ್ರಮ 2008ರ ಫೆಬ್ರವರಿ 1ರಂದು ಮುಂಬೈಯಲ್ಲಿ. ಅಲ್ಲಿಂದ ಆಸ್ಟ್ರೇಲಿಯಾದ ಪರ್ತ್. 45 ದಿನಗಳಲ್ಲಿ ಐದು ಖಂಡ, 23 ಕಾರ್ಯಕ್ರಮ, ಐವತ್ತು ಸಾವಿರ ಮೈಲಿ. ಸ್ಯಾಮ್ ಡನ್ ಮತ್ತು ಸ್ಕಾಟ್ ಮೆಕ್‌ಫೇಡಿಯನ್ ಅದನ್ನು ‘ಫ್ಲೈಟ್ 666’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಕೊಲಂಬಿಯಾದ ಬೊಗೋಟಾದ ಒಂದು ದೃಶ್ಯವಿದೆ. ಕಾರ್ಯಕ್ರಮ ಮುಗಿದ ಮೇಲೆ ಮೆಕ್‌ಬ್ರೇನ್ ಎಸೆದ ಡ್ರಮ್ ಕೋಲು ಸಿಕ್ಕವನೊಬ್ಬ ಅದನ್ನು ಹಿಡಿದುಕೊಂಡು ಅಳುತ್ತಾನೆ. ಮಾತಿಲ್ಲ, ಕಣ್ಣೀರು ಅಷ್ಟೇ. ಹತ್ತಾರು ವರ್ಷ ಕ್ಯಾಸೆಟ್ಟಿನಲ್ಲಿ ಕೇಳಿದವರು ಕಣ್ಣೆದುರು ಬಂದರೆ ಏನಾಗುತ್ತದೆ ಎಂಬುದನ್ನು ವಿವರಿಸಲು ಹೋದ ಯಾವ ಬರಹವೂ ಆ ದೃಶ್ಯದ ಸಮಕ್ಕೆ ನಿಲ್ಲದು.

ಬೆಂಗಳೂರಿಗೆ ಅದು ಒಂದು ವರ್ಷ ಮೊದಲೇ ಗೊತ್ತಾಗಿತ್ತು. 2007ರ ಮಾರ್ಚ್ 17, ಅರಮನೆ ಮೈದಾನ. ಐರನ್ ಮೇಡನ್ ಭಾರತದಲ್ಲಿ ನುಡಿಸಿದ ಮೊದಲ ಕಾರ್ಯಕ್ರಮ ಅದು. ತನ್ನ ಉಚ್ಛ್ರಾಯದಲ್ಲೇ ಇದ್ದ ಇಷ್ಟು ದೊಡ್ಡ ಮೆಟಲ್ ಬ್ಯಾಂಡ್ ಪೂರ್ತಿ ಸಜ್ಜಾಗಿ ಈ ದೇಶಕ್ಕೆ ಬಂದದ್ದೂ ಅದೇ ಮೊದಲು. ಈಶಾನ್ಯ ರಾಜ್ಯಗಳಿಂದ ಎರಡು ಮೂರು ದಿನ ರೈಲಿನಲ್ಲಿ ಕೂತು ಬಂದವರು, ಕೇರಳದಿಂದ ರಾತ್ರಿ ಬಸ್ ಹಿಡಿದವರು, ಮುಂಬೈ, ಪುಣೆ, ಚೆನ್ನೈನವರು, ನಮ್ಮ ಹುಬ್ಬಳ್ಳಿ ಮಂಗಳೂರಿನವರು. ಎಲ್ಲರ ಮೈಮೇಲೂ ಕಪ್ಪು ಟೀ ಶರ್ಟು. ದೆಹಲಿಯ ‘ಪರಿಕ್ರಮ’ ಬ್ಯಾಂಡ್ ಮತ್ತು ಹ್ಯಾರಿಸ್ ಅವರ ಮಗಳು ಲಾರೆನ್ ಮೊದಲು ನುಡಿಸಿದರು. ಅದೇ ವರ್ಷ ಪರಿಕ್ರಮ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲೂ ನುಡಿಸಿತು.

ಅಂದಿನ ಜನರ ಕಿವಿ ತಯಾರಿದ್ದ ರೀತಿ ದೊಡ್ಡದು. ಆ ಪೀಳಿಗೆ ಈ ಹಾಡುಗಳನ್ನು ಕಲಿತದ್ದು ಗೆಳೆಯರಿಂದ ಗೆಳೆಯರಿಗೆ ನಕಲಾಗಿ ಬಂದ ಕ್ಯಾಸೆಟ್ಟುಗಳಿಂದ. ಒಂದು ಕ್ಯಾಸೆಟ್ ಸಿಕ್ಕರೆ ತಿಂಗಳಾನುಗಟ್ಟಲೆ ಅದೊಂದೇ. ಹಾಗೆ ಕೇಳಿದವರಿಗೆ ಸೋಲೋದ ಒಂದೊಂದು ಸ್ವರವೂ ಬಾಯಿಪಾಠ. ಗಿಟಾರಿನ ಎಳೆಯನ್ನು ರಿಯೊದವರಂತೆ ಅರಮನೆ ಮೈದಾನವೂ ಹಾಡಿತು. ಎರಡು ವರ್ಷ ಕಳೆದು 2009ರ ಫೆಬ್ರವರಿ 15ರಂದು ಅವರು ಮತ್ತೆ ಅಲ್ಲಿಗೇ ಬಂದರು. ನಡುವೆ 2008ರಲ್ಲಿ ಮೆಗಾಡೆತ್, ಮುಂದೆ 2011ರಲ್ಲಿ ಮೆಟಾಲಿಕಾ. ಬೆಂಗಳೂರು ಮೆಟಲ್ ಬ್ಯಾಂಡ್‌ಗಳ ನಕ್ಷೆಯಲ್ಲಿ ಸೇರಿದ್ದು ಹೀಗೆ. 1998ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ‘ಕ್ರಿಪ್ಟೊಸ್’ ಬ್ಯಾಂಡ್ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಅವರ ಜೋಡಿ ಗಿಟಾರ್ ಕೇಳಿದರೆ ಮೇಡನ್ ಮನೆತನದ ಗುರುತು ತಕ್ಷಣ ಸಿಗುತ್ತದೆ.

ಮೈ ಮುದಿಯಾಗುತ್ತ ಹೋದಂತೆ ಚರ್ಚೆಯ ಧಾಟಿಯೂ ಬದಲಾಗಿದೆ. 2014ರ ಕೊನೆಗೆ ಡಿಕಿನ್ಸನ್ ಅವರ ನಾಲಿಗೆಯ ಹಿಂಭಾಗದಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ‘ದಿ ಬುಕ್ ಆಫ್ ಸೋಲ್ಸ್’ ಎಂಬ ಜೋಡಿ ಆಲ್ಬಮ್ಮನ್ನು ಅವರು ಹಾಡಿ ಮುಗಿಸಿದ್ದು ಆ ಗಡ್ಡೆ ಇದ್ದಾಗಲೇ. ಅದರ ಕೊನೆಯಲ್ಲಿರುವ ‘ಎಂಪೈರ್ ಆಫ್ ದಿ ಕ್ಲೌಡ್ಸ್’ 18 ನಿಮಿಷದ್ದು. 1930ರಲ್ಲಿ ಫ್ರಾನ್ಸಿನಲ್ಲಿ ಬಿದ್ದು ಉರಿದ ಆರ್101 ವಾಯುನೌಕೆಯ ಕತೆ, ಪಿಯಾನೊ ಕೂಡ ಅವರದೇ. 2015ರ ಮೇ ಹೊತ್ತಿಗೆ ವೈದ್ಯರು ಗುಣವಾಗಿದೆ ಎಂದರು. 2016ರ ಫೆಬ್ರವರಿಯಲ್ಲಿ ಅವರು ಮತ್ತೆ ವೇದಿಕೆಯಲ್ಲಿದ್ದರು. ಅಷ್ಟೇ ಅಲ್ಲ, ಬೋಯಿಂಗ್ 747 ಹಾರಿಸುವ ತರಬೇತಿಯನ್ನೂ ಮುಗಿಸಿದ್ದರು. ಆ ಸಲದ ಪ್ರವಾಸಕ್ಕೆ ಬಳಸಿದ ಈ ವಿಮಾನದ ಹೊಟ್ಟೆ ದೊಡ್ಡದು, ಸೀಟು ಕೀಳುವ ಅಗತ್ಯವೇ ಬೀಳಲಿಲ್ಲ. ಆ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊ ನಿಲ್ದಾಣದಲ್ಲಿ ಎಳೆಯುವ ವಾಹನದೊಂದಿಗೆ ಘರ್ಷಣೆಯಾಗಿ ಅದರ ಎರಡು ಎಂಜಿನ್ ಹಾಳಾದವು, ಇಬ್ಬರು ಸಿಬ್ಬಂದಿಗೆ ಗಾಯವಾಯಿತು. ಆದರೂ ಬ್ಯಾಂಡು ಬೇರೆ ವಿಮಾನ ಹಿಡಿದು ಮುಂದಿನ ಊರುಗಳ ಕಾರ್ಯಕ್ರಮ ಮಾಡಿತು.

ಹೊಸ ಆಲ್ಬಮ್‌ಗಳ ಬಗ್ಗೆ ದೂರುಗಳಿವೆ, ಕೆಲವು ನಿಜವೂ ಹೌದು. 2021ರ ‘ಸೆಂಜುತ್ಸು’ 80 ನಿಮಿಷ ದಾಟುತ್ತದೆ. ಅದರ ಕೊನೆಯ ಮೂರು ಹಾಡುಗಳೂ ಹ್ಯಾರಿಸ್ ಒಬ್ಬರೇ ಬರೆದವು, ಮೂರೂ ಹತ್ತು ನಿಮಿಷ ಮೀರಿದವು. ಮೆಲ್ಲನೆಯ ಪೀಠಿಕೆ, ಮತ್ತೆ ಮತ್ತೆ ಬರುವ ಪಲ್ಲವಿ ಬೇಸರ ತರಿಸುತ್ತವೆ ಎನ್ನುವವರ ಮಾತನ್ನು ಪೂರ್ತಿ ಅಲ್ಲಗಳೆಯಲಾರೆ. ಆದರೆ ಆ ಮೂರರಲ್ಲಿ ಒಂದಾದ ‘ಹೆಲ್ ಆನ್ ಅರ್ತ್’ ಹಾಡು ಪ್ರವಾಸದಲ್ಲಿ ಕಾರ್ಯಕ್ರಮದ ಕೊನೆಯ ಭಾಗಕ್ಕೆ ಬಂದಾಗ ಅದರ ಉದ್ದ ಯಾರಿಗೂ ಹೊರೆಯಾಗಲಿಲ್ಲ. ಮನೆಯಲ್ಲಿ ಎಳೆದಂತೆ ಕೇಳುವ ಜಾಗಗಳು ಸಾವಿರಾರು ಜನ ಸೇರಿ ಹಾಡುವ ಜಾಗಗಳು. ಹ್ಯಾರಿಸ್ ಬರೆಯುವುದು ಆ ಜನರನ್ನು ಕಣ್ಣಮುಂದೆ ಇಟ್ಟುಕೊಂಡೇ. 2006ರ ‘ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್’ ಆಲ್ಬಮ್ಮನ್ನು ಇಡಿಯಾಗಿ ವೇದಿಕೆಯಲ್ಲಿ ನುಡಿಸಿ ಹಳೆಯ ಹಾಡು ಬೇಕೆಂದು ಬಂದವರ ಸಿಟ್ಟನ್ನೂ ಕಟ್ಟಿಕೊಂಡರು. ಹಳೆಯದನ್ನೇ ಮಾರಿ ಬದುಕುವ ಬ್ಯಾಂಡ್ ಅಂಥ ಧೈರ್ಯ ಮಾಡುವುದಿಲ್ಲ.

2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಮೆಕ್‌ಬ್ರೇನ್ ಕೊನೆಯ ಬಾರಿ ಬ್ಯಾಂಡಿನ ಜೊತೆ ಪ್ರವಾಸದ ವೇದಿಕೆ ಏರಿದರು. 42 ವರ್ಷದ ಸೇವೆ. ಅವರ ಜಾಗಕ್ಕೆ ಹ್ಯಾರಿಸ್ ಅವರ ಇನ್ನೊಂದು ಬ್ಯಾಂಡ್ ‘ಬ್ರಿಟಿಷ್ ಲಯನ್’ನ ಸೈಮನ್ ಡಾಸನ್ ಬಂದರು. 2025ರ ಮೇ 27ರಂದು ಬುಡಾಪೆಸ್ಟ್‌ನಲ್ಲಿ ಐವತ್ತನೇ ವರ್ಷದ ಪ್ರವಾಸ ಆರಂಭವಾಯಿತು. ಮೊದಲ ಒಂಬತ್ತು ಆಲ್ಬಮ್‌ಗಳ ಹಾಡುಗಳು ಮಾತ್ರ. ಮೊಬೈಲ್ ಕೆಳಗಿಟ್ಟು ಕಣ್ಣಿನಿಂದ ನೋಡಿ ಎಂದು ಬ್ಯಾಂಡ್ ಅಭಿಮಾನಿಗಳನ್ನು ಕೇಳಿಕೊಂಡಿತು. ಡಾಸನ್ ನುಡಿಸುವುದು ಸರಳ, ಮೆಕ್‌ಬ್ರೇನ್ ಅವರ ಕುಸುರಿ ಇಲ್ಲ ಎಂದು ಒಂದು ಗುಂಪು. ಬಹಳ ವರ್ಷಗಳ ಮೇಲೆ ಹಾಡುಗಳ ಗತಿ ಬಿಗಿಯಾಗಿದೆ ಎಂದು ಇನ್ನೊಂದು ಗುಂಪು. ಎರಡೂ ಸರಿ. ಹೊಸ ಡ್ರಮ್ಮರ್ ಹಳಬರನ್ನು ಅನುಕರಿಸಲು ಹೋಗದೆ ಹ್ಯಾರಿಸ್ ಅವರ ಬೆರಳಿಗೆ ಜಾಗ ಬಿಟ್ಟು ನುಡಿಸುತ್ತಿರುವುದು ನನಗೆ ವಿವೇಕದ ಕೆಲಸವಾಗಿ ಕಾಣುತ್ತದೆ.

ಮೆಟಲ್ ಎಂದರೆ ಕಿರುಚಾಟ ಎಂದು ದೂರ ಉಳಿದವರಿಗೆ ನನ್ನದೊಂದು ಕೋರಿಕೆ. ‘ಲೈವ್ ಆಫ್ಟರ್ ಡೆತ್’ ಹುಡುಕಿ, ಅದರಲ್ಲಿರುವ ‘ರೈಮ್ ಆಫ್ ದಿ ಏನ್ಶಿಯಂಟ್ ಮ್ಯಾರಿನರ್’ ಕೇಳಿ. ಕೋಲ್‌ರಿಜ್ ಕವಿಯ ಪದ್ಯವನ್ನು ಆಧರಿಸಿದ, ಹದಿಮೂರು ನಿಮಿಷಕ್ಕೂ ಮೀರಿದ ಹಾಡು. ಮೊದಲ ಸಲ ಹಾಡುಗಾರನನ್ನು ಬಿಟ್ಟುಬಿಡಿ, ಬಾಸ್ ಒಂದನ್ನೇ ಕೊನೆಯವರೆಗೆ ಹಿಂಬಾಲಿಸಿ. ಎರಡನೇ ಸಲ ಇಬ್ಬರು ಗಿಟಾರಿಸ್ಟರು ಎಲ್ಲಿ ಬೇರೆಯಾಗುತ್ತಾರೆ, ಎಲ್ಲಿ ಕೂಡುತ್ತಾರೆ ಗಮನಿಸಿ. ಮೂರನೆಯ ಸಲ ಹೇಗೆ ಕೇಳಬೇಕೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.